ಬದಲಿ ಇಲ್ಲದ ಪಾಳಿ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಬಹಳ ವರ್ಷ ಕೂತವಳು ಅವಳು. ಫೋನು ಬಂದರೆ ದನಿಯಲ್ಲೇ ನೋವಿನ ಅಳತೆ ಹಿಡಿಯುತ್ತಿದ್ದಳು. ಯಾರು ಇವತ್ತೇ ಬರಬೇಕು, ಯಾರು ನಾಳೆಯವರೆಗೆ ತಡೆದಾರು, ಯಾರು ಬರೀ ಹೆದರಿಕೊಂಡಿದ್ದಾರೆ ಎಂದು ವಿಂಗಡಿಸಿ ಒಬ್ಬೊಬ್ಬರಿಗೂ ಸಮಯ ಕೊಡುವುದು ಅವಳ ಕೆಲಸ. ದಿನವೆಲ್ಲ ಭರ್ತಿಯಾದ ಮೇಲೂ ಯಾರಾದರೂ ಅಳುತ್ತ ಫೋನು ಮಾಡಿದರೆ, "ಊಟದ ಹೊತ್ತಿಗೆ ಬಂದ್ಬಿಡಿ, ನಾನಿರ್ತೀನಿ" ಅನ್ನುತ್ತಿದ್ದಳು. ಡಾಕ್ಟರು ಇಬ್ಬರು, ಒಬ್ಬರಾದ ಮೇಲೆ ಒಬ್ಬರು ಉಣ್ಣುತ್ತಿದ್ದರು. ಬಾಗಿಲಲ್ಲಿ ಕೂರುವವಳು ಒಬ್ಬಳೇ. ಹಾಗಾಗಿ ತಪ್ಪಿಹೋಗುವ ಊಟ ಯಾವಾಗಲೂ ಅವಳದೇ ಆಗಿರುತ್ತಿತ್ತು.

ಒಂದು ದಿನ ಆ ಮೇಜಿನ ಮೇಲೆ ಅಂಗೈಯಗಲದ ಒಂದು ಪರದೆ ಬಂತು. ರೋಗಿಗಳು ಇನ್ನು ಮುಂದೆ ತಮ್ಮ ಫೋನಿನಿಂದಲೇ ಸಮಯ ಗೊತ್ತುಮಾಡಿಕೊಳ್ಳುತ್ತಾರಂತೆ. "ಇದಕ್ಕೆ ಸ್ವಲ್ಪ ದಿನ ನೀವೇ ಕಲಿಸಿಕೊಡಿ" ಎಂದರು ದೊಡ್ಡ ಡಾಕ್ಟರು. ಅವಳು ಕಲಿಸಿದಳು. ತನಗೆ ಬಾಯಿಪಾಠವಿದ್ದ ಹೆಸರು, ಊರು, ಹಲ್ಲು, ಹುಳುಕು ಎಲ್ಲವನ್ನೂ ಅದರ ಹೊಟ್ಟೆಗೆ ಹಾಕಿದಳು. ಕಲಿತು ಮುಗಿಯುತ್ತಲೇ ಅದು ಅವಳ ಕುರ್ಚಿಯಲ್ಲಿ ಕೂತಿತು. ಅವಳು ಬೀಳ್ಕೊಡುಗೆಗೆಂದು ಕೊಟ್ಟ ಒಂದು ಗೋಡೆ ಗಡಿಯಾರ ಬಗಲಲ್ಲಿಟ್ಟುಕೊಂಡು ಮನೆಗೆ ಬಂದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

ಮನೆಗೆ ಬಂದ ಕೆಲವೇ ದಿನಕ್ಕೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ಇನ್ನು ಕೋಲು ಹಿಡಿದು ನಡೆಯಬೇಕು, ಪಕ್ಕದಲ್ಲಿ ಸದಾ ಒಬ್ಬರಿರಬೇಕು, ಒಂಟಿಯಾಗಿ ಎದ್ದರೆ ಮತ್ತೆ ಬೀಳುವ ಭಯ ಎಂದರು ಮೂಳೆ ಡಾಕ್ಟರು. ಯಾರು ಇರಬೇಕು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಗಂಡ ಹೆಂಡತಿಯ ಮುಖ ನೋಡಿ, "ಸದ್ಯ, ದೇವರು ದೊಡ್ಡವನು. ನೀನು ಹೇಗೂ ಮನೇಲೇ ಇದ್ದೀಯಲ್ಲ" ಅಂದ. ಅವಳ ಕೆಲಸ ಹೋದದ್ದು ದೇವರ ಲೆಕ್ಕಕ್ಕೆ ಬಿತ್ತು.

ಪ್ರೋಗ್ರಾಮಿಂಗ್ ಕಲಿಯುವ ಹುಚ್ಚು ಅವಳಿಗೆ ಹತ್ತಿದ್ದು ಆಗ. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಕೆಲಸ ಕಳೆದುಕೊಂಡವರಿಗೆಂದು ತರಗತಿ ನಡೆಯುತ್ತಿತ್ತು. ಏನೂ ಗೊತ್ತಿಲ್ಲದವರೂ ಬರಬಹುದು ಎಂದು ಬಾಗಿಲಿಗೆ ಅಂಟಿಸಿದ್ದರು. ತನ್ನ ಕುರ್ಚಿಯಲ್ಲಿ ಬಂದು ಕೂತದ್ದರ ಹೊಟ್ಟೆಯೊಳಗೆ ಏನಿದೆ, ಅದು ಹೇಗೆ ಯೋಚಿಸುತ್ತದೆ ಎಂದು ಒಮ್ಮೆ ನೋಡಿಬಿಡಬೇಕು ಅನ್ನಿಸಿತ್ತು, ಅಷ್ಟೇ. ಮಗಳು ಕಾಲೇಜಿನಿಂದ ಬೇಗ ಬರುವ ಮಧ್ಯಾಹ್ನಗಳಂದು ಅಜ್ಜಿಯನ್ನು ಅವಳ ಕೈಗೆ ಒಪ್ಪಿಸಿ ಓಡುತ್ತಿದ್ದಳು. ಓಡಿ ಹೋಗಿ ಕೂತರೆ ಮೊದಲು ನಿದ್ದೆ ಬರುತ್ತಿತ್ತು, ಪಾಠ ಆಮೇಲೆ.

ತರಗತಿಯಲ್ಲಿ ಮಿಕ್ಕವರೆಲ್ಲ ಚಿಕ್ಕವರು. ಅವಳನ್ನು ಅಕ್ಕ ಎಂದು ಕರೆದರು. ನಾವೂ ಹಾಗೇ ಕರೆಯೋಣ. ಕಲಿಸುತ್ತಿದ್ದವನು ಎದೆಯವರೆಗೆ ಗಡ್ಡ ಬಿಟ್ಟ, ಗಡ್ಡದಷ್ಟೇ ಉದ್ದದ ತಾಳ್ಮೆಯಿದ್ದ ಹುಡುಗ. ಅವನಿಗೆ ಗಡ್ಡದ ಮೇಷ್ಟ್ರು ಎಂಬ ಹೆಸರು.

"ಅಕ್ಕ, ಒಂದು ತಿಳ್ಕೊಳಿ. ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ. ನೀವು ಹೇಳಿದಷ್ಟೇ ಮಾಡುತ್ತೆ. ಹೇಳದೇ ಇದ್ದಿದ್ದು ಅದಕ್ಕೆ ಗೊತ್ತೇ ಇರಲ್ಲ" ಅಂದ ಮೊದಲ ದಿನ.

"ಅಂಥದ್ದು ನಮ್ಮನೇಲೂ ಒಂದಿದೆ ಮೇಷ್ಟ್ರೇ" ಅಂದಳು ಅಕ್ಕ. "ಹಾಲು ನೋಡ್ಕೊಳಿ ಅಂದ್ರೆ ನಿಂತು ನೋಡುತ್ತೆ. ಉಕ್ಕಿದ ಮೇಲೂ ನೋಡ್ತಾನೇ ಇರುತ್ತೆ. ಒಲೆ ಆರಿಸು ಅಂತ ಬೇರೆ ಹೇಳ್ಬೇಕು."

"ಒರೆಸು ಅಂತ?" ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು.

"ಅದಕ್ಕೆ ಇನ್ನೊಂದು ಪ್ರೋಗ್ರಾಂ ಬರೀಬೇಕಮ್ಮ."

ತರಗತಿ ಹೊಟ್ಟೆ ಹಿಡಿದು ನಕ್ಕಿತು. ಅಕ್ಕ ನಗಲಿಲ್ಲ. ಅವಳಿಗೆ ಆ ಹೊತ್ತಿಗಾಗಲೇ ಸಾಕಾಗಿತ್ತು.

ತರಗತಿಯವರು ಹಳೆಯ ಲ್ಯಾಪ್‌ಟಾಪೊಂದನ್ನು ಮನೆಗೆ ಒಯ್ಯಲು ಕೊಟ್ಟಿದ್ದರು. ಅದನ್ನಿಡಲು ಮನೆಯಲ್ಲಿ ಜಾಗವಿರಲಿಲ್ಲ. ಊಟದ ಮೇಜು ಮಗಳ ಪುಸ್ತಕಕ್ಕೆ, ಹಜಾರದ ಸೋಫಾ ಗಂಡನ ಕಾಲಿಗೆ. ಕೊನೆಗೆ ಇಸ್ತ್ರಿ ಹಲಗೆಯೇ ಗತಿಯಾಯಿತು. ಅದನ್ನು ಅತ್ತೆಯ ಕೋಣೆಯ ಬಾಗಿಲಿಗೆ ಎಳೆದು, ನಿಂತುಕೊಂಡೇ ಬೆರಳಾಡಿಸುತ್ತಿದ್ದಳು. ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಹಾಸಿಗೆಯ ಮೇಲೆ. ಮುಚ್ಚಬೇಕಾದ ಒಂದು ಆವರಣ ಚಿಹ್ನೆ ಮರೆತರೆ ಪರದೆ ಕೆಂಪಾಗುತ್ತಿತ್ತು. ಎಲ್ಲಿ ಮರೆತೆ ಎಂದು ಸಾಲು ಸಾಲಾಗಿ ಹುಡುಕುತ್ತಿದ್ದಾಗಲೇ ಒಳಗಿನಿಂದ ಕರೆ.

"ಏನೇ, ಬಚ್ಚಲಿಗೆ."

ಅತ್ತೆಯ ಬಗಲಿಗೆ ಕೈ ಕೊಟ್ಟು ಎಬ್ಬಿಸಿ, ಕೋಲು ಹಿಡಿಸಿ, ನಡೆಸಿ, ಕೂರಿಸಿ, ತೊಳೆಸಿ, ಮತ್ತೆ ಮಲಗಿಸಿ ಬರುವಷ್ಟರಲ್ಲಿ ಹುಡುಕಾಟ ಯಾವ ಸಾಲಿಗೆ ಬಂದಿತ್ತು ಎಂಬುದೇ ಮರೆತಿರುತ್ತಿತ್ತು. ಮತ್ತೆ ಮೊದಲಿನಿಂದ. ಗಾಣದೆತ್ತು ಕೂಡ ಸುತ್ತು ಮುಗಿಸಿ ನಿಲ್ಲುತ್ತದೆ. ಅಕ್ಕನ ಸುತ್ತು ಅರ್ಧಕ್ಕೇ ಮುರಿದು ಮೊದಲಾಗುತ್ತಿತ್ತು.

"ಅದೇನು ನಿಂತ್ಕೊಂಡು ಇಡೀ ದಿನ ಅದನ್ನ ಕುಟ್ತೀಯ? ಅದರಿಂದ ಹಿಟ್ಟಾದ್ರೂ ಉದುರುತ್ತಾ?" ಅತ್ತೆ ಮಲಗಿದಲ್ಲಿಂದ ಕೇಳುತ್ತಿದ್ದರು.

"ಇನ್ನೂ ಬೀಸೋ ಕಲ್ಲು ಜೋಡಿಸ್ತಾ ಇದ್ದೀನಿ ಅತ್ತೆ."

"ಜೋಡಿಸು, ಜೋಡಿಸು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ನೀನು ಹಲ್ಲಿನ ಡಾಕ್ಟರ ಹತ್ರಾನೇ ಇದ್ದವಳು, ನಿಂಗೆ ಹೇಳ್ಬೇಕಾ!"

ಅತ್ತೆಯ ಬಾಯಿ ಸೊಂಟದ ಹಾಗಲ್ಲ, ಅದಕ್ಕೆ ಕೋಲು ಬೇಕಿರಲಿಲ್ಲ.

ತರಗತಿಯ ಕೊನೆಗೆ ಒಬ್ಬೊಬ್ಬರೂ ತಮ್ಮ ಮನೆಗೆ ಉಪಯೋಗವಾಗುವ ಒಂದು ಪ್ರೋಗ್ರಾಂ ಬರೆದು ತರಬೇಕಿತ್ತು. ಅಕ್ಕ ಬಹಳ ಯೋಚಿಸಲಿಲ್ಲ. ಸಮಯ ಹಂಚುವುದು ಅವಳಿಗೆ ಕರತಲಾಮಲಕ. ಅತ್ತೆಯ ಪಕ್ಕದಲ್ಲಿ ಯಾವ ದಿನ, ಯಾವ ಹೊತ್ತು ಯಾರು ಕೂರಬೇಕು ಎಂದು ತಾನೇ ಗೊತ್ತುಮಾಡಿ ಹೇಳುವ ಪ್ರೋಗ್ರಾಂ ಬರೆಯುವುದೆಂದು ಹೊರಟಳು. ದಿನಕ್ಕೆ ಬೆಳಗು, ಮಧ್ಯಾಹ್ನ, ಸಂಜೆ ಎಂದು ಮೂರು ಪಾಳಿ. ಪ್ರತಿ ಪಾಳಿಗೂ ಮನೆಯವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು. ಬಿಡುವಿದ್ದವರ ಹೆಸರು ಬರೆಯಬೇಕು, ಇಲ್ಲದಿದ್ದರೆ ಮುಂದಿನವರ ಹತ್ತಿರ ಹೋಗಬೇಕು. ಇಷ್ಟೇ.

ಬಿಡುವು ಯಾವಾಗ ಎಂದು ಮನೆಯವರನ್ನು ಕೇಳುತ್ತ ಹೋದಳು. ಗಂಡ ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಪಾಳಿ ಹಾಕುವ ಮೇಲ್ವಿಚಾರಕ. "ನನ್ನದು ಹೇಳೋಕಾಗಲ್ಲ, ಹಾಕ್ಕೋಬೇಡ" ಅಂದ. ಮಗಳು, "ಭಾನುವಾರ ನೋಡೋಣಮ್ಮ. ತರಗತಿ ದಿನ ಮಧ್ಯಾಹ್ನ ಇರ್ತೀನಲ್ಲ, ಸಾಲದಾ?" ಅಂದಳು. ಎರಡು ಬೀದಿ ಆಚೆ ಫೋನ್ ರಿಪೇರಿ ಅಂಗಡಿ ಇಟ್ಟಿದ್ದ ಮೈದುನ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ, "ಅತ್ತಿಗೆ, ಅಮ್ಮನಿಗೆ ಅಂದ್ರೆ ನಾನು ಇಪ್ಪತ್ನಾಲ್ಕು ಗಂಟೆ ರೆಡಿ. ಎಮರ್ಜೆನ್ಸಿ ಅಂದ್ರೆ ಒಂದು ಮಿಸ್ಡ್ ಕಾಲ್ ಕೊಡಿ" ಅಂದ. ಇಪ್ಪತ್ನಾಲ್ಕು ಗಂಟೆಯಲ್ಲಿ ಎರಡು ಗಂಟೆ ಯಾವುದು ಎಂದು ಕೇಳಿದ್ದಕ್ಕೆ, ಗಿರಾಕಿ ಬಂದರು ಎಂದು ಎದ್ದು ಹೋದ.

ಅಷ್ಟನ್ನೂ ತುಂಬಿ ಪ್ರೋಗ್ರಾಂ ಓಡಿಸಿದಳು. ಪರದೆಯ ಮೇಲೆ ವಾರ ಪೂರ್ತಿ ಮೂಡಿಬಂತು. ಸೋಮವಾರ ಬೆಳಗು: ನಾನು. ಸೋಮವಾರ ಮಧ್ಯಾಹ್ನ: ನಾನು. ಸಂಜೆ: ನಾನು. ಅಲ್ಲೊಂದು ಇಲ್ಲೊಂದು ಕಡೆ ಮಗಳು. ಮತ್ತೆ ನಾನು, ನಾನು, ನಾನು.

ಎಲ್ಲೋ ತಪ್ಪಿದೆ ಎಂದುಕೊಂಡಳು ಅಕ್ಕ. ಅತ್ತೆ ನಿದ್ದೆ ಹೋದಾಗಲೆಲ್ಲ ಇಸ್ತ್ರಿ ಹಲಗೆಯ ಮುಂದೆ ನಿಂತು ತಪ್ಪು ಹುಡುಕಿದಳು. ಗಂಡನ ಬಿಡುವು ಖಾಲಿ ಬಿಟ್ಟದ್ದರಿಂದ ಹೀಗಾಯಿತೇ ಎಂದು ಅಲ್ಲಿ ಬಿಡುವಿಲ್ಲ ಎಂದು ತುಂಬಿ ನೋಡಿದಳು, ಸಾಲುಗಳನ್ನು ಹಿಂದುಮುಂದು ಮಾಡಿ ನೋಡಿದಳು. ಕಾಲು ಸೆಳೆದವು. ಕೆಂಪು ಅಕ್ಷರ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಇದು ಒಂದೂ ದೂರು ಹೇಳದೆ ಸರಾಗವಾಗಿ ಓಡಿ, ಸರಾಗವಾಗಿ ಅವಳ ತಲೆಗೇ ಕಟ್ಟುತ್ತಿತ್ತು. ಕೊನೆಗೆ ತರಗತಿಗೆ ಒಯ್ದು ಮೇಷ್ಟ್ರಿಗೆ ತೋರಿಸಿದಳು.

ಗಡ್ಡ ನೀವಿಕೊಂಡು ನೋಡಿ ಅವನು, "ಚೆನ್ನಾಗೇ ಓಡ್ತಿದೆಯಲ್ಲ ಅಕ್ಕ. ತಪ್ಪೇನಿಲ್ಲ" ಅಂದ.

"ಎಲ್ಲಾ ಕಡೆ ನಂದೇ ಹೆಸರು ಬರ್ತಿದೆ."

"ಹೌದು, ನೀವು ಹೇಳಿದ್ದನ್ನೇ ಅದು ಮಾಡಿದೆ. ಬೇರೆಯವರಿಗೆ ಬಿಡುವಿಲ್ಲ ಅಂದ್ರೆ ಅದಾದ್ರೂ ಏನು ಮಾಡುತ್ತೆ?" ಎಂದವನು ಬೇರೆ ಸುದ್ದಿಗೆ ಹೊರಳಿದ. "ಅದಿರಲಿ, ಬುಧವಾರ ಬಿಡುವು ಮಾಡ್ಕೊಳಿ. ಟೈರ್ ಅಂಗಡಿ ಮೇಲೆ ಒಂದು ಚಿಕ್ಕ ಆಫೀಸಿದೆ. ಸಣ್ಣಪುಟ್ಟ ಅಂಗಡಿಗಳಿಗೆ ಆ್ಯಪ್ ಮಾಡಿ ಕೊಡ್ತಾರೆ. ನಿಮ್ಮ ಹೆಸರು ಕೊಟ್ಟಿದ್ದೀನಿ. ಒಂದು ದಿನ ಪೂರ್ತಿ ಕೂರಿಸಿ ಕೆಲಸ ಮಾಡಿಸಿ ನೋಡ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ. ಬರೋಕಾಗಲ್ಲ ಅಂದ್ರೆ ಇವತ್ತೇ ಹೇಳ್ಬಿಡಿ, ಬೇರೆಯವರಿಗೆ ಕೊಡ್ತಾರೆ."

ಬುಧವಾರ. ಬೆಳಗು: ನಾನು. ಮಧ್ಯಾಹ್ನ: ನಾನು. ಸಂಜೆ: ನಾನು.

"ಬರ್ತೀನಿ" ಅಂದಳು ಅಕ್ಕ. ಬಾಯಿ ಅಂದುಬಿಟ್ಟಿತು. ಹೊಸಿಲು ದಾಟುವುದು ಹೇಗೆ ಎಂಬುದು ಬಾಯಿಗೆ ಗೊತ್ತಿರಲಿಲ್ಲ.

ಆವತ್ತು ಸಂಜೆ ಲ್ಯಾಪ್‌ಟಾಪನ್ನು ಕೆಳಗಿಳಿಸಿ ಅದೇ ಹಲಗೆಯ ಮೇಲೆ ಗಂಡನ ಅಂಗಿ ಹಾಸಿದಳು. ಗಂಡ ಹಾಳೆಯೊಂದನ್ನು ಹರವಿಕೊಂಡು ಕಾಲುಗುರು ಕತ್ತರಿಸುತ್ತ ಕೂತಿದ್ದ. ಬುಧವಾರದ ಮಾತು ಹೇಗೆ ತೆಗೆಯುವುದೆಂದು ತಿಳಿಯದೆ ಅಕ್ಕ ಸುತ್ತುದಾರಿ ಹಿಡಿದಳು.

"ರೀ, ನಿಮ್ಮ ಡಿಪೋದಲ್ಲಿ ಒಬ್ಬ ಡ್ರೈವರ್ ಬರಲಿಲ್ಲ ಅಂದ್ರೆ ಏನ್ ಮಾಡ್ತೀರಿ?"

"ಬದಲಿ ಡ್ರೈವರ್ ಇರ್ತಾನೆ. ಕಳಿಸ್ತೀವಿ."

"ಸುಮ್ನೆ ಕೂತಿರ್ತಾನಾ ಅವನು?"

"ಮತ್ತೆ? ಕೂರೋದೇ ಅವನ ಡ್ಯೂಟಿ. ಕೂತಿದ್ದಕ್ಕೂ ಸಂಬಳ ಇದೆ, ವಾರಕ್ಕೊಂದು ರಜಾನೂ ಇದೆ."

"ಅವನೂ ಬರಲಿಲ್ಲ ಅನ್ನಿ."

"ಬಸ್ ರದ್ದು. ಬೋರ್ಡ್ ಮೇಲೆ ಬರೆದು ಹಾಕ್ತೀವಿ."

"ಜನ ಕಾಯ್ತಾ ನಿಂತಿರ್ತಾರಲ್ಲ?"

"ನಿಂತಿರ್ತಾರೆ. ಬೈತಾರೆ. ಬೈಸಿಕೊಳ್ಳೋಕೆ ತಾನೇ ನನ್ನನ್ನ ಅಲ್ಲಿ ಕೂರಿಸಿರೋದು."

"ನೀವೇ ಓಡಿಸಿಬಿಡಬಹುದಲ್ಲ? ನಿಮಗೂ ಬರುತ್ತಲ್ಲ ಬಸ್ ಓಡಿಸೋಕೆ."

ಗಂಡ ಉಗುರುಕತ್ತರಿ ಕೆಳಗಿಟ್ಟು ನಕ್ಕ. "ಒಳ್ಳೆ ಕಥೆ! ಪಾಳಿ ಹಾಕೋನು ಸ್ಟಿಯರಿಂಗ್ ಹಿಡಿದ್ರೆ ಮುಗೀತು ಕಣೇ. ಇವತ್ತು ಒಂದು ದಿನ ಪಾಪ ಅಂತ ಓಡಿಸಿದ್ರೆ, ನಾಳೆಯಿಂದ ಆ ಬಸ್ಸು ನನ್ನ ತಲೆಗೇ."

ಅಕ್ಕ ಅಂಗಿಯ ತೋಳು ಮಗುಚಿ ಮಡಿಕೆ ತೀಡಿದಳು. ಜೇಬಿನ ಮೇಲೆ, ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿದಳು. ಅಂಗಿ ಮುಗಿಸಿ ಮಡಚಿಟ್ಟು, ಹಲಗೆಯ ಮೇಲೆ ಮತ್ತೆ ಲ್ಯಾಪ್‌ಟಾಪ್ ಇಟ್ಟು ತೆರೆದಳು. ಇಷ್ಟು ದಿನ ಅವಳು ನೋಡಿದ್ದು ಮನೆಯವರ ಸಾಲುಗಳನ್ನು. ಈಗ ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಹೋದಳು. ಬೇರೆ ಯಾರೂ ಸಿಗದಿದ್ದರೆ ಏನು ಬರೆಯಬೇಕು ಎಂದು ಕಂಪ್ಯೂಟರಿಗೆ ಹೇಳುವ ಸಾಲು ಅದು. ಅಲ್ಲಿ ಅವಳೇ ಬರೆದಿದ್ದಳು: ನಾನು.

ಯಾವಾಗ ಬರೆದೆ ಎಂಬುದೂ ನೆನಪಿರಲಿಲ್ಲ. ತುರಿಕೆಯಾದಾಗ ಕೈ ತಾನಾಗಿ ಕೆರೆದುಕೊಳ್ಳುವಂತೆ ಬರೆದಿರಬೇಕು. ಮೇಷ್ಟ್ರು ಕಲಿಸಿಕೊಟ್ಟ ಸಾಲಲ್ಲ ಅದು. ಗಂಡ, ಮೈದುನ, ಮಗಳು ಎಲ್ಲರಿಗೂ ಬಿಡುವಿದೆಯೇ ಎಂದು ಪ್ರೋಗ್ರಾಂ ವಿಚಾರಿಸುತ್ತಿತ್ತು. ಅವಳಿಗೆ ಬಿಡುವಿದೆಯೇ ಎಂದು ವಿಚಾರಿಸುವ ಸಾಲೇ ಇರಲಿಲ್ಲ. ಊಟದ ಹೊತ್ತಿಗೆ ಬಂದ್ಬಿಡಿ, ನಾನಿರ್ತೀನಿ. ಕ್ಲಿನಿಕ್ಕಿನ ಬಾಗಿಲಿಂದ ಗಡಿಯಾರದ ಜೊತೆ ಇದೂ ಮನೆಗೆ ಬಂದಿತ್ತು.

ಸಿಟ್ಟು ಬರಬೇಕಿತ್ತು. ಬರಲಿಲ್ಲ, ಸಿಟ್ಟಿಗೂ ತ್ರಾಣ ಬೇಕು. ಆ 'ನಾನು' ಎಂಬುದನ್ನು ಅಳಿಸಿ 'ಯಾರೂ ಇಲ್ಲ' ಎಂದು ಬರೆದಳು. ಆಮೇಲೆ ತನ್ನನ್ನೂ ಮಿಕ್ಕವರ ಸಾಲಿಗೆ ಸೇರಿಸಿ, ಬುಧವಾರದ ಮುಂದೆ ಬಿಡುವಿಲ್ಲ ಎಂದು ತುಂಬಿದಳು. ಓಡಿಸಿದಳು. ಬುಧವಾರ, ಮೂರು ಪಾಳಿ, ಮೂರೂ ಕಡೆ ಒಂದೇ ಉತ್ತರ.

ಮಾರನೆಯ ಸಂಜೆ ಅತ್ತೆಯ ಕೋಣೆಗೆ ಎಲ್ಲರನ್ನೂ ಕರೆದಳು. ಮೈದುನನಿಗೆ ಮಿಸ್ಡ್ ಕಾಲ್ ಕೊಟ್ಟಳು. ಎಮರ್ಜೆನ್ಸಿ ಎಂದು ಅವನು ಏದುಸಿರು ಬಿಡುತ್ತ ಬಂದ.

"ಅಮ್ಮನಿಗೇನಾಯ್ತು?"

"ಬುಧವಾರ ಆಗುತ್ತೆ" ಅಂದು ಅಕ್ಕ ಪರದೆಯನ್ನು ಅವರತ್ತ ತಿರುಗಿಸಿದಳು.

ಗಂಡ ಬಗ್ಗಿ ಓದಿದ. "ಯಾರೂ ಇಲ್ಲ ಅಂದ್ರೆ? ನೀನಿದ್ದೀಯಲ್ಲ."

"ನಾನು ಬುಧವಾರ ಆಫೀಸಿಗೆ ಹೋಗ್ತಿದ್ದೀನಿ. ಬೆಳಿಗ್ಗೆ ಹೋದ್ರೆ ಸಂಜೆ. ಬಸ್ ರದ್ದು."

"ಏನು ತಮಾಷೆನಾ? ಅಮ್ಮನ್ನ ಹೀಗೆ ಬಿಟ್ಟು…"

"ನಾನೇನು ಬಸ್ಸೇನೇ?" ಅತ್ತೆ ಹಾಸಿಗೆಯಿಂದ ತಲೆಯೆತ್ತಿದರು.

ಮಗಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಮೈದುನ, "ಅತ್ತಿಗೆ, ಒಂದು ದಿನ ಹೇಗೋ ಅಡ್ಜಸ್ಟ್…" ಎಂದವನು, ಯಾರು ಅಡ್ಜಸ್ಟ್ ಆಗಬೇಕೆಂಬುದು ತೋಚದೆ ನಿಲ್ಲಿಸಿದ.

"ಊಟ, ಮಾತ್ರೆ ಎಲ್ಲ ಸರಿ" ಗಂಡ ದನಿ ತಗ್ಗಿಸಿದ. "ಬಚ್ಚಲಿಗೆ ಯಾರು ಕರ್ಕೊಂಡು ಹೋಗೋದು? ನಾವು ಗಂಡಸರು. ಅಮ್ಮನಿಗೂ ಮುಜುಗರ."

ಗಂಡುಮಕ್ಕಳಿಬ್ಬರೂ ಗೋಡೆ ನೋಡಿದರು. ಅಕ್ಕನೂ ಅತ್ತೆಯ ಮುಖ ನೋಡಲಾರದೆ ಪರದೆಯನ್ನೇ ನೋಡಿದಳು. ಅತ್ತೆ ಒಲ್ಲೆ ಎಂದರೆ ಮುಗಿಯಿತು. ಬುಧವಾರ ಬೇರೆಯವರ ಪಾಲು.

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸಿದರು. ಆಮೇಲೆ ದೊಡ್ಡ ಮಗನ ಕಡೆ ತಿರುಗಿದರು.

"ಲೋ, ನಿನ್ನ ಕುಂಡಿ ಎಷ್ಟು ಸಲ ತೊಳೆದಿದ್ದೀನೋ. ಇವನದ್ದೂ. ಅದಕ್ಕೆ ಯಾರೂ ಪಾಳಿ ಹಾಕಿರಲಿಲ್ಲ. ನನಗೆ ಜ್ವರ ಬಂದಾಗ್ಲೂ ನಾನೇ."

"ಅಮ್ಮ, ಅದು ಬೇರೆ…"

"ಏನು ಬೇರೆ? ಮುಜುಗರ ನನಗಿದೆ ಕಣೋ, ನಿನಗಲ್ಲ. ಇವಳ ಕೈಲಿ ಮಾಡಿಸ್ಕೊಳ್ಳೋಕೂ ಇದೆ. ಹೊಟ್ಟೇಲಿ ಹುಟ್ಟಿದವಳಾ ಇವಳು? ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ." ಉಸಿರು ತೆಗೆದುಕೊಂಡರು. "ಒಳಗೆ ನನ್ನ ಕೆಲಸ ನಾನು ಮಾಡ್ಕೋತೀನಿ. ನೀನು ಬಾಗಿಲವರೆಗೆ ಹಿಡ್ಕೊಂಡು ಬಂದು ಗೋಡೆ ಕಡೆ ಮುಖ ಮಾಡಿ ನಿಂತ್ಕೊ. ಈಗ ನಿಂತಿದ್ದೀಯಲ್ಲ, ಹಾಗೆ. ಅಭ್ಯಾಸ ಚೆನ್ನಾಗೇ ಇದೆ."

ಮಗಳಿಗೆ ಈ ಸಲ ನಗು ತಡೆಯಲಾಗಲಿಲ್ಲ.

ಪಾಳಿ ಹಾಕುವವನಿಗೆ ತನ್ನ ಪಾಳಿ ಬದಲಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಗಂಡ ಹಜಾರಕ್ಕೆ ಹೋಗಿ ಡಿಪೋಗೆ ಒಂದು ಫೋನು ಮಾಡಿದ. ಬುಧವಾರ ಬೆಳಗೂ ಮಧ್ಯಾಹ್ನವೂ ಅವನಿಗೆ ಬಿಡುವಾಯಿತು. ಸಂಜೆ ಅಂಗಡಿಗೆ ಬೀಗ ಹಾಕುತ್ತೇನೆಂದ ಮೈದುನ. ಆ ಒಂದು ಫೋನು ಇಷ್ಟು ತಿಂಗಳು ಎಲ್ಲಿತ್ತು ಎಂದು ಅಕ್ಕ ಕೇಳಲಿಲ್ಲ. ಕೇಳಿದರೆ ಮಾತು ಬೆಳೆಯುತ್ತದೆ, ಬೆಳೆದ ಮಾತನ್ನು ಸಂಭಾಳಿಸುವುದೂ ಅವಳ ಪಾಲಿಗೇ ಬರುತ್ತದೆ.

ಹೋಗುವ ಹಿಂದಿನ ದಿನ ಅವಳು ಎರಡು ದಿನದ ಕೆಲಸ ಮಾಡಿದಳು. ನಾಳೆಯ ಅಡುಗೆ, ನಾಳೆಯ ಬಟ್ಟೆ, ಮಾತ್ರೆಗಳನ್ನು ಡಬ್ಬಿಯಲ್ಲಿ ವಿಂಗಡಿಸಿ ಇಡುವುದು. ಹೆಂಗಸಿನ ಒಂದು ದಿನದ ರಜೆಯನ್ನು ಹೆಂಗಸೇ ಮುಂಗಡವಾಗಿ ತೀರಿಸಬೇಕು. ಬುಧವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗಲೇ ಅವಳಿಗೆ ಸಂಜೆಯಾದ ಹಾಗಿತ್ತು.

ಟೈರ್ ಅಂಗಡಿಯ ಮೇಲಿನ ಆಫೀಸಿನಲ್ಲಿ ರಬ್ಬರಿನ ವಾಸನೆ. ಉದ್ದನೆಯ ಒಂದೇ ಮೇಜು, ಅದರ ಸುತ್ತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ ಹುಡುಗ ಹುಡುಗಿಯರು. ಆಫೀಸು ನಡೆಸುತ್ತಿದ್ದ ಹೆಂಗಸು ಒಂದು ಕುರ್ಚಿ ತೋರಿಸಿದಳು. ಅಕ್ಕನ ಮನಸ್ಸಿಗೆ ಮೊದಲು ತಟ್ಟಿದ್ದು ಆ ಕುರ್ಚಿ: ಕೂತುಕೊಂಡು ಪ್ರೋಗ್ರಾಂ ಬರೆಯಬಹುದು ಎಂಬುದನ್ನು ಅವಳ ಕಾಲು ಮರೆತೇಬಿಟ್ಟಿದ್ದವು. ಕೊಟ್ಟ ಕೆಲಸ ದೊಡ್ಡದೇನಲ್ಲ. ಹೂವಿನಂಗಡಿಯೊಂದರ ಆ್ಯಪ್‌ನಲ್ಲಿ ಒತ್ತುವ ಒಂದು ಗುಂಡಿ ಚಿಕ್ಕ ಫೋನುಗಳಲ್ಲಿ ಪರದೆಯ ಅಂಚಿನಾಚೆ ಅರ್ಧ ಬಿದ್ದುಹೋಗುತ್ತಿತ್ತು. ಅದನ್ನು ಒಳಗೆ ತರಬೇಕು. ಅಕ್ಕ ಒಂದು ಕಡೆ ಎಳೆದರೆ ಅದು ಇನ್ನೊಂದು ಕಡೆ ಹೋಗಿ ಬೀಳುತ್ತಿತ್ತು. ಗೊತ್ತಾಗದ್ದನ್ನು ಪಕ್ಕದ ಹುಡುಗಿಯನ್ನು ಕೇಳಿದಳು, ಮತ್ತೆ ಕೇಳಿದಳು, ನಾಚಿಕೊಂಡು ಇನ್ನೊಮ್ಮೆ ಕೇಳಿದಳು.

ಮಧ್ಯಾಹ್ನ ಎಲ್ಲರೂ ಎದ್ದರು. ಅಕ್ಕ ಏಳಲಿಲ್ಲ.

"ಊಟಕ್ಕೆ ಬರಲ್ವಾ?" ಆಫೀಸಿನ ಹೆಂಗಸು ಕೇಳಿದಳು.

"ಇದು ಮುಗಿದಿಲ್ಲವಲ್ಲ. ನಾನಿರ್ತೀನಿ, ನೀವು ಹೋಗ್ಬನ್ನಿ" ಅಂದಳು ಅಕ್ಕ. ಅಂದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಎದ್ದಳು.

ಡಬ್ಬಿ ಬಿಚ್ಚುವಾಗ ಫೋನು ನಡುಗಿತು. ಗಂಡನ ಮೆಸೇಜು. "ಅಮ್ಮನ ಟವೆಲ್ ಎಲ್ಲಿದೆ?"

ಕಪಾಟು, ಕೆಳಗಿನ ಖಾನೆ, ಎಡಗಡೆ. ಹೆಬ್ಬೆರಳು ಆಗಲೇ ಅಕ್ಷರದ ಮೇಲಿತ್ತು. ಅಷ್ಟರಲ್ಲಿ ಇನ್ನೊಂದು ಬಂತು.

"ಸಿಕ್ತು. ಗೋಡೆ ಕಡೆ ನಿಂತಿದ್ದೀನಿ."

ಅಕ್ಕ ಫೋನು ಬೋರಲು ಹಾಕಿ ಊಟ ಮಾಡಿದಳು. ರುಚಿ ಏನೂ ಇರಲಿಲ್ಲ. ತಾನೇ ಹಿಂದಿನ ದಿನ ಮಾಡಿಟ್ಟ ಅಡುಗೆ. ಆದರೂ ಕೊನೆಯ ತುತ್ತಿನವರೆಗೆ ಯಾರೂ ಕರೆಯಲಿಲ್ಲ.

ಸಂಜೆಯ ಹೊತ್ತಿಗೆ ಗುಂಡಿ ಅಂಚಿನೊಳಗೆ ಬಂದು ನಿಂತಿತು. ಆಫೀಸಿನ ಹೆಂಗಸು ತನ್ನ ಫೋನಿನಲ್ಲಿ ಒತ್ತಿ ನೋಡಿ, "ನಿಧಾನ ಆಯ್ತು. ಆದರೆ ಸರಿಯಾಗಿದೆ" ಅಂದಳು. "ನಾಳೆಯಿಂದ ಬರೋಕಾಗುತ್ತಾ? ಮೂರು ತಿಂಗಳು ಕಲಿಯೋ ಕೆಲಸ. ದಿನಾ ಬರಬೇಕು."

"ಬರ್ತೀನಿ" ಅಂದಳು ಅಕ್ಕ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಖುಷಿಯಾಗಿದೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಸೊಂಟ ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಖುಷಿಯಿದ್ದರೂ ಅದರಡಿಯಲ್ಲೆಲ್ಲೋ ಇದ್ದಿರಬೇಕು. ಗುರುವಾರದ ಮೂರು ಪಾಳಿ ನೆನಪಾದವು, ಶುಕ್ರವಾರದ್ದು, ಅದರಾಚೆಯದ್ದು. ಎಲ್ಲ ಖಾಲಿ. ಯಾರನ್ನು ಎಲ್ಲಿ ಕೂರಿಸುವುದೆಂದು ಮನಸ್ಸು ತಾನಾಗಿ ಜೋಡಿಸಲು ಹೊರಟಿತು. ಅಕ್ಕ ಅದನ್ನು ತಡೆದಳು. ಖಾಲಿ ಇದ್ದರೆ ಖಾಲಿಯೇ ಇರಲಿ. ಮನೆಗೆ ಹೋಗಿ, ಪರದೆ ತೆರೆದು ಎಲ್ಲರ ಮುಂದೆ ಇಟ್ಟರಾಯಿತು. ಪಾಳಿ ಹಾಕುವುದೇ ಕಸುಬಾದವನು ಮನೆಯಲ್ಲಿ ಒಬ್ಬನಿದ್ದಾನಲ್ಲ.

ಇಳಿಯುವ ಜಾಗ ಬಂದಾಗ ಎಚ್ಚರವಾದರೆ ಸಾಕು ಎಂದುಕೊಂಡು, ಚೀಲವನ್ನು ಮಡಿಲಿಗೆಳೆದುಕೊಂಡು ಕಣ್ಣು ಮುಚ್ಚಿದಳು.